ನೋವು ಹೇಳಿಕೊಳ್ಳಲು ಗಡಿನಾಡಿನಲ್ಲಿ ಒಂದು ಜಾಗ ಬೇಕು

ಕಾಸರಗೋಡು ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ವೈದ್ಯಾಧಿಕಾರಿಗಳಿಗೆ, ನಮ್ಮ ಪಂಚಾಯತ್‌ಗಳ ಅಧ್ಯಕ್ಷರಿಗೆ, ಜೊತೆಗೆ ಈ ಗಡಿನಾಡಿನ ನನ್ನ ಜನರಿಗೆ,

ನಮಸ್ಕಾರ.

ಈ ಪತ್ರದಲ್ಲಿ ಇರುವುದು ಒಂದೇ ಬೇಡಿಕೆ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಬದುಕು ಸಾಕು ಅನ್ನಿಸಿದ ಮನುಷ್ಯನಿಗೆ ತನ್ನ ನೋವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳಲು ಒಬ್ಬರು ಸಿಗಬೇಕು. ಆಸ್ಪತ್ರೆಯಲ್ಲೂ ಸಿಗಬೇಕು, ಊರಿನಲ್ಲೂ ಸಿಗಬೇಕು. ಆಸ್ಪತ್ರೆಯದ್ದು ಅಧಿಕಾರಿಗಳ ಕೆಲಸ. ಊರಿನದ್ದು ನಮ್ಮ ಕೆಲಸ. ಹಾಗಾಗಿ ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು. ಈಗ ಊರಿನ ಗ್ರಂಥಾಲಯದ ಕೆಲಸ ನೋಡಿಕೊಳ್ಳುತ್ತೇನೆ. ಆತ್ಮಹತ್ಯೆಯಿಂದ ಸಾವು ಆದ ಮನೆಗಳ ಜಗಲಿಯಲ್ಲಿ ಕೂತಿದ್ದೇನೆ. ಅಲ್ಲಿ ಮನೆಯವರು ಮತ್ತೆ ಮತ್ತೆ ಹೇಳುವ ಮಾತು ಒಂದಿದೆ: ‘ನಿನ್ನೆ ಸಂಜೆ ಕೂಡ ಮಾತಾಡಿದ್ದ, ಎಂತದೂ ಹೇಳಲಿಲ್ಲ.’ ಆ ಮಾತು ನನ್ನನ್ನು ಬಿಡುವುದಿಲ್ಲ. ಹೇಳಲಿಲ್ಲವೋ, ಹೇಳಲು ಜಾಗವೇ ಇರಲಿಲ್ಲವೋ?

ಲೆಕ್ಕ ಒಂದಿಷ್ಟು ಹೇಳಿಬಿಡುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಲಕ್ಷ ಜನರಿಗೆ 12.4. ಕೇರಳದಲ್ಲಿ ಅದೇ ವರ್ಷ ಲಕ್ಷಕ್ಕೆ 28.5. ಓದಿನಲ್ಲಿ, ಆಸ್ಪತ್ರೆಯಲ್ಲಿ, ಆಯಸ್ಸಿನಲ್ಲಿ ಮುಂದಿರುವ ರಾಜ್ಯ ಇದು. ಈ ಒಂದು ವಿಷಯದಲ್ಲಿ ಮಾತ್ರ ದೇಶದ ಎರಡು ಪಟ್ಟಿಗಿಂತ ಜಾಸ್ತಿ. ದೇಶದಲ್ಲಿ ಹೀಗೆ ಸತ್ತ ನೂರು ಜನರಲ್ಲಿ 72 ಮಂದಿ ಗಂಡಸರು. ದಾಖಲೆಯಲ್ಲಿ ಅರ್ಧದಷ್ಟು ಸಾವಿಗೆ ಕುಟುಂಬದ ಸಮಸ್ಯೆ ಅಥವಾ ಕಾಯಿಲೆ ಎಂದು ಬರೆದಿದ್ದಾರೆ. ಕಾರಣದ ಕಾಲಂ ಒಂದೇ ಇರುವಾಗ ಹಾಗೆ ಬರೆಯಲೇಬೇಕು. ಆದರೆ ಒಂದೇ ಕಾರಣದಿಂದ ಯಾರೂ ಆ ಹಂತಕ್ಕೆ ಬರುವುದಿಲ್ಲ. ಅಡಿಕೆಗೆ ಕೊಳೆರೋಗ ಬಂದ ವರ್ಷ ಸಾಲದ ಕಂತು ತಪ್ಪುತ್ತದೆ. ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ರಾತ್ರಿ ನಿದ್ದೆ ಹೋಗುತ್ತದೆ. ಕುಡಿತ ಶುರುವಾಗುತ್ತದೆ. ಅವನು ಮದುವೆ, ಜಾತ್ರೆ, ಭಜನೆಗೆ ಬರುವುದನ್ನು ನಿಲ್ಲಿಸುತ್ತಾನೆ. ಬರದಿದ್ದದ್ದನ್ನು ನಾವು ಗಮನಿಸುವುದೇ ಇಲ್ಲ.

ಅಧಿಕಾರಿಗಳೇ, ಭಾಷೆಯ ವಿಷಯಕ್ಕೆ ಬರುತ್ತೇನೆ. ಇದನ್ನು ರಾಜಕೀಯ ಎಂದು ದಯವಿಟ್ಟು ತಳ್ಳಿಹಾಕಬೇಡಿ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1984ರಲ್ಲಿ ಜಿಲ್ಲೆಯೂ ಆಯಿತು. ಮಲಯಾಳ ನಮಗೆ ಪರಭಾಷೆ ಅಲ್ಲ, ಪಕ್ಕದ ಮನೆಯ ಭಾಷೆ. ಪೇಟೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ನಾವು ಅದರಲ್ಲಿ ಹೇಗೋ ಸುಧಾರಿಸುತ್ತೇವೆ. ಮೀನಿನ ಬೆಲೆ ಕೇಳಲು ಅಷ್ಟು ಸಾಕು. ಮನಸ್ಸು ಒಡೆದದ್ದನ್ನು ಹೇಳಲು ಸಾಕಾಗುವುದಿಲ್ಲ.

ಒಮ್ಮೆ ನೆರೆಮನೆಯ ಕೃಷಿಕರೊಬ್ಬರ ಜೊತೆ ಮನೋವೈದ್ಯರ ಹತ್ತಿರ ಹೋಗಿದ್ದೆ. ಅರವತ್ತು ದಾಟಿದವರು. ಮನೆಯಲ್ಲಿ ತುಳು, ಓದಿದ್ದು ಕನ್ನಡ. ವೈದ್ಯರು ಒಳ್ಳೆಯವರೇ. ಮಲಯಾಳದಲ್ಲಿ ಮೆಲ್ಲನೆ ಕೇಳಿದರು. ಇವರು ಎಲ್ಲದಕ್ಕೂ ತಲೆ ಆಡಿಸಿದರು. ಕೊನೆಗೆ ‘ಉರಕ್ಕಂ ಇಲ್ಲ’, ನಿದ್ದೆ ಇಲ್ಲ, ಎಂದಷ್ಟೇ ಹೇಳಿದರು. ವೈದ್ಯರು ನಿದ್ದೆಗೆ ಮಾತ್ರೆ ಬರೆದು ಕೊಟ್ಟರು. ಬಸ್ ಸ್ಟಾಪಿನಲ್ಲಿ ಕೂತಾಗ ಅವರು ತುಳುವಿನಲ್ಲಿ ಶುರು ಮಾಡಿದರು. ಹೆಂಡತಿ ತೀರಿದ ಮೇಲೆ ಒಲೆ ಹಚ್ಚುವ ಮನಸ್ಸೇ ಆಗುತ್ತಿಲ್ಲ ಎಂದರು. ಮಕ್ಕಳ ಫೋನ್ ಬಂದಾಗ ಸರಿ ಇದ್ದೇನೆ ಎಂದು ನಟಿಸಿ ಸುಸ್ತಾಗಿದೆ ಎಂದರು. ಬೆಳಿಗ್ಗೆ ಏಳುವುದು ಯಾಕೆ ಎಂದು ಕೇಳಿದರು. ಎರಡು ಬಸ್ ಬಿಟ್ಟೆವು. ಅವರು ಬಸ್ ಸ್ಟಾಪಿನಲ್ಲಿ ಹೇಳಿದ್ದು ಆ ಕೋಣೆಯ ಒಳಗೆ ಹೇಳಬೇಕಾದದ್ದು. ಆ ವೈದ್ಯರ ಪಕ್ಕದಲ್ಲಿ ತುಳು, ಕನ್ನಡ ಬಲ್ಲ ಒಬ್ಬ ಆಪ್ತ ಸಮಾಲೋಚಕರು ಇದ್ದಿದ್ದರೆ ಮಾತ್ರೆಯ ಜೊತೆ ಬೇರೆ ದಾರಿಯೂ ತೆರೆಯುತ್ತಿತ್ತು. ಮುಂದಿನ ಸಲ ನಾನೇ ಒಳಗೆ ಹೋಗಿ ಅನುವಾದ ಮಾಡಿದೆ. ಆದರೆ ಎಷ್ಟು ಜನ ತಮ್ಮ ಒಳಗಿನ ಮಾತನ್ನು ನೆರೆಮನೆಯವನ ಬಾಯಿಂದ ಹೇಳಿಸಲು ಒಪ್ಪುತ್ತಾರೆ?

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಜಾಗದ ತೆರಿಗೆಯ ವಿಷಯಕ್ಕೆ ಕನ್ನಡದಲ್ಲಿ ಉತ್ತರ ಕೊಡಬೇಕು ಎಂದು ಕಾನೂನೇ ಹೇಳುವಾಗ, ಬದುಕಬೇಕೋ ಬೇಡವೋ ಎಂದು ನಿಂತವನಿಗೆ ಕನ್ನಡದಲ್ಲಿ ಉತ್ತರ ಬೇಡವೇ?

ಕುಂಬಳೆ, ಬದಿಯಡ್ಕ, ಮಂಗಲ್ಪಾಡಿ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರದ ಇಂಥ ದಿನ ಕನ್ನಡ, ತುಳು ಬಲ್ಲ ಸಮಾಲೋಚಕರು ಇರುತ್ತಾರೆ ಎಂದು ನಿಗದಿ ಮಾಡಿ. ಜನ ತಾವಾಗಿ ಬರುತ್ತಾರೆ. ಈಗ ಕೈಯಲ್ಲಿ ಕಾಸು ಇದ್ದವರು ಮಂಗಳೂರಿಗೆ ಹೋಗುತ್ತಾರೆ. 2020ರಲ್ಲಿ ಕೊರೊನಾ ಸಮಯ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯೂ ಎಷ್ಟು ತೆಳು ಎಂದು ಗೊತ್ತಾಯಿತು. ಆಶಾ ಕಾರ್ಯಕರ್ತೆಯರಿಗೆ ಕೊಡುವ ತರಬೇತಿ, ಗೋಡೆಗೆ ಅಂಟಿಸುವ ಪೋಸ್ಟರ್, ಮನೆಗೆ ಕಳಿಸುವ ಕರಪತ್ರ ಕನ್ನಡದಲ್ಲೂ ಬರಲಿ. 14416 ಎಂಬ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ. ದುಡ್ಡು ಬೇಡ, ಹಗಲು ರಾತ್ರಿ ಸಿಗುತ್ತದೆ, ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ನಮ್ಮ ಊರಿನ ಅಂಗಡಿ ಜಗಲಿಯಲ್ಲಿ ಈ ನಂಬರ್ ಬಗ್ಗೆ ಕೇಳಿ ನೋಡಿದೆ. ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಪಾರ್ತಿಸುಬ್ಬ ರಾಮಾಯಣದ ಕತೆಗಳನ್ನು ಯಕ್ಷಗಾನವಾಗಿಸಿದ ಕುಂಬಳೆ ಸೀಮೆ ಇದು. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ರಾಮಾಯಣ ಓದುತ್ತಾರೆ, ತಾಳಮದ್ದಳೆ ಕೂರುತ್ತಾರೆ. ಸುಂದರಕಾಂಡದ ಒಂದು ಸಂಗತಿ ಇಲ್ಲಿ ಎಲ್ಲರಿಗೂ ಗೊತ್ತು. ಅಶೋಕವನದಲ್ಲಿ ಸೀತೆಗೆ ಬದುಕು ಸಾಕಾಗಿದೆ. ಹನುಮಂತ ಮರದ ಮೇಲೆ ಕೂತು ನೋಡುತ್ತಿದ್ದಾನೆ. ಕೂಡಲೇ ಕೆಳಗೆ ಹಾರುವುದಿಲ್ಲ. ಮೊದಲು ಯಾವ ಮಾತಿನಲ್ಲಿ ಮಾತಾಡಲಿ ಎಂದು ಯೋಚಿಸುತ್ತಾನೆ. ಪಂಡಿತರ ಸಂಸ್ಕೃತದಲ್ಲಿ ಮಾತಾಡಿದರೆ ಇವನು ರಾವಣನೇ ಎಂದು ಆಕೆ ಹೆದರಿಯಾಳು, ಸಾಮಾನ್ಯ ಮನುಷ್ಯರ ಮಾತೇ ಸರಿ ಎಂದು ತೀರ್ಮಾನ ಮಾಡುತ್ತಾನೆ. ಆಮೇಲೆ ಆಕೆಗೆ ಕೇಳುವಷ್ಟು ಮೆಲ್ಲನೆ ರಾಮನ ಕತೆ ಶುರು ಮಾಡುತ್ತಾನೆ. ಉಪದೇಶ ಇಲ್ಲ, ಬೈಗುಳ ಇಲ್ಲ. ಆಕೆಗೆ ಬೇಕಾದ ಕತೆ, ಆಕೆಗೆ ಹತ್ತಿರವಾದ ಮಾತಿನಲ್ಲಿ. ಇನ್ನೊಂದು ವಿಷಯ ನಾವು ಜಾಸ್ತಿ ನೆನಪಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಸ್ವಲ್ಪ ಮೊದಲು ಲಂಕೆಯೆಲ್ಲ ಹುಡುಕಿ ಸೀತೆ ಸಿಗದಾಗ ಹನುಮಂತನಿಗೇ ಸಾಯೋಣ ಅನ್ನಿಸಿತ್ತು. ಸತ್ತರೆ ಕೇಡು ಹಲವು, ಬದುಕಿದ್ದವನಿಗೆ ಒಳ್ಳೆಯದು ಕಾಣಲು ಸಿಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಎದ್ದವನು ಅವನು. ಅಂಥ ಬಲಶಾಲಿಗೂ ಆ ಗಳಿಗೆ ಬಂದಿತ್ತು. ಗಂಡಸಾಗಿ ಅಳುತ್ತೀಯಾ ಎಂದು ಕೇಳುವವರು ಈ ಭಾಗವನ್ನು ಇನ್ನೊಮ್ಮೆ ಓದಬೇಕು.

ಕರುಣೆ ಎಂದರೆ ಬರೀ ಒಳ್ಳೆಯ ಮಾತು ಎಂದು ಅಧಿಕಾರಿಗಳಿಗೆ ಅನ್ನಿಸಬಹುದು. ಅದಕ್ಕೆ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಚೆನ್ನೈ ಸೇರಿ ಐದು ದೇಶಗಳ ಐದು ಕಡೆ ಒಂದು ಅಧ್ಯಯನ ಮಾಡಿತು. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನ ಅದರಲ್ಲಿದ್ದರು. ಅರ್ಧ ಜನರಿಗೆ ಎಂದಿನ ಚಿಕಿತ್ಸೆ. ಉಳಿದವರ ಜೊತೆ ಒಂದು ಗಂಟೆ ಕೂತು ಮಾತಾಡಿದರು. ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿದರು ಅಥವಾ ಮನೆಗೆ ಹೋಗಿ ‘ಹೇಗಿದ್ದೀರಿ’ ಎಂದು ವಿಚಾರಿಸಿದರು. ಎಂದಿನ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 2.2 ಜನ ಮತ್ತೆ ಆತ್ಮಹತ್ಯೆಯಿಂದ ತೀರಿಕೊಂಡರು. ವಿಚಾರಿಸಿಕೊಂಡ ಗುಂಪಿನಲ್ಲಿ ಅದು 0.2. ಹೊಸ ಔಷಧಿ ಇಲ್ಲ, ದೊಡ್ಡ ಯಂತ್ರ ಇಲ್ಲ. ಒಬ್ಬರು ಮರೆಯದೆ ಕೇಳಿದರು, ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ಇದನ್ನು ಮಾಡಲು ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಕೇರಳಕ್ಕೆ ಈ ಕೆಲಸ ಬರುತ್ತದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದ ಪಾಲಿಯೇಟಿವ್ ಆರೈಕೆ ಇವತ್ತು ಪಂಚಾಯತ್ ಪಂಚಾಯತ್‌ಗಳಲ್ಲಿ ಇದೆ. 2008ರಲ್ಲಿ ಸರ್ಕಾರ ಅದಕ್ಕೊಂದು ನೀತಿಯನ್ನೇ ಮಾಡಿತು. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಬರುತ್ತಾರೆ, ಜೊತೆಗೆ ಊರಿನ ಸ್ವಯಂಸೇವಕರು ಬರುತ್ತಾರೆ. ಗಾಯ ತೊಳೆಯುತ್ತಾರೆ, ಪಕ್ಕದಲ್ಲಿ ಕೂರುತ್ತಾರೆ. ಅದೇ ಜೀಪು, ಅದೇ ಜನ, ಒಮ್ಮೆ ಸಾವಿನ ಹತ್ತಿರ ಹೋಗಿ ಉಳಿದು ಬಂದವನ ಮನೆಗೂ ಹೋಗಲಿ. ಗುಟ್ಟು ಕಾಪಾಡುವ ತರಬೇತಿ ಮಾತ್ರ ಸರಿಯಾಗಿ ಕೊಡಿ. ಊರಲ್ಲಿ ಮಾತು ಹಬ್ಬಿದರೆ ಅವನು ಮತ್ತೆ ಬಾಗಿಲು ತೆರೆಯುವುದಿಲ್ಲ.

ಎಣ್ಮಕಜೆ, ಪಡ್ರೆ, ಸ್ವರ್ಗದ ಕಡೆಯ ತಾಯಂದಿರ ಬಗ್ಗೆ ಬೇರೆಯೇ ಹೇಳಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 2000ದ ಹೊತ್ತಿಗೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಪರಿಹಾರ ಕೊಡಿ ಎಂದಿತು. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆ ವಿಷಕ್ಕೆ ಸಿಕ್ಕಿದ ಮನೆಗಳಲ್ಲಿ ಮುಗಿದಿಲ್ಲ. ಮಗು ಮೂವತ್ತು ದಾಟಿದೆ, ಇನ್ನೂ ತಾನಾಗಿ ಊಟ ಮಾಡಲು ಆಗುವುದಿಲ್ಲ. ತಾಯಿಗೆ ಅರವತ್ತು. ಸೊಂಟ ಹೋಗಿದೆ. ಮದುವೆ ಮನೆಗೆ ಹೋಗಿ ಎಷ್ಟು ವರ್ಷ ಆಯಿತೋ. ‘ನಾನು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ’ ಎಂಬ ಒಂದೇ ಯೋಚನೆ ದಿನವಿಡೀ. ಆ ಯೋಚನೆ ಎಲ್ಲಿಗೆ ಹೋಗಿ ನಿಲ್ಲಬಹುದು ಎಂದು ನಮಗೆ ಗೊತ್ತಿದೆ, ಅಲ್ವಾ? ಇಂಥ ಮಕ್ಕಳಿಗಾಗಿ ಇರುವ ಬಡ್ಸ್ ಎಂಬ ವಿಶೇಷ ಶಾಲೆಗಳಿಂದ ಸ್ವಲ್ಪ ಉಸಿರಾಡಲು ಆಗಿದೆ. ಅದು ಸಾಲದು. ತಿಂಗಳಲ್ಲಿ ಕೆಲವು ದಿನವಾದರೂ ಮಗುವನ್ನು ನಂಬಿಕೆಯಿಂದ ಬಿಟ್ಟುಬರಲು ಒಂದು ಜಾಗ ಕೊಡಿ. ತಾವಿಲ್ಲದ ಕಾಲಕ್ಕೂ ಮಕ್ಕಳಿಗೆ ಒಂದು ವ್ಯವಸ್ಥೆ ಇದೆ ಎಂದು ಆ ತಾಯಂದಿರಿಗೆ ಬರಹದಲ್ಲಿ ಭರವಸೆ ಕೊಡಿ. ಪರಿಹಾರದ ಹಣಕ್ಕೆ ನಿದ್ದೆ ತರಿಸುವ ಶಕ್ತಿ ಇಲ್ಲ.

ಈಗ ನನ್ನ ಜನರ ಹತ್ತಿರ.

ಸೇರಲು ಜಾಗಗಳು ಬೇರೆಯವರಿಗಿಂತ ನಮಗೆ ಜಾಸ್ತಿ ಇವೆ. ಭಜನಾ ಮಂದಿರ, ಮಸೀದಿ, ಇಗರ್ಜಿ, ಕ್ಲಬ್, ಗ್ರಂಥಾಲಯ, ಹಾಲಿನ ಸೊಸೈಟಿ. ಮುತ್ತಪ್ಪ ದೈವದ ಕೋಲದ, ಅಂದರೆ ತೆಯ್ಯದ, ಮುಂದೆ ಜನ ಯಾಕೆ ಸಾಲು ನಿಲ್ಲುತ್ತಾರೆ? ಅಲ್ಲಿ ದೈವ ಅವರ ಕೈ ಹಿಡಿದು ಕಷ್ಟ ಕೇಳುತ್ತದೆ. ಕೇಳಿದ ಮೇಲೆ ಒಂದು ಸಮಾಧಾನದ ಮಾತು ಹೇಳುತ್ತದೆ. ಎಂಥ ಬಿಗಿ ಮನುಷ್ಯನೂ ಅಲ್ಲಿ ಕಣ್ಣೀರು ಹಾಕುವುದನ್ನು ನೋಡಿದ್ದೇನೆ. ತಾಳಮದ್ದಳೆಯಲ್ಲೂ ಹಾಗೆಯೇ. ಕರ್ಣಭೇದನದ ದಿನ ಅರ್ಥಧಾರಿ ಕರ್ಣನಾಗಿ ತನ್ನವರು ಯಾರೆಂದು ಗೊತ್ತಾದ ಮೇಲೂ ತನಗೆ ಯಾರೂ ಇಲ್ಲ ಎನ್ನುವಾಗ, ಹಿಂದಿನ ಸಾಲಿನಲ್ಲಿ ಟವೆಲ್‌ನಿಂದ ಮುಖ ಒರೆಸಿಕೊಳ್ಳುವವರನ್ನು ನೋಡಿ. ಮನೆಯಲ್ಲಿ ಎರಡು ಮಾತು ಆಡದ ಗಂಡಸರು ಅವರು. ಕರ್ಣನ ನೆಪದಲ್ಲಿ ತಮ್ಮದನ್ನು ಅತ್ತು ಹಗುರಾಗುತ್ತಾರೆ.

ಕಲೆಗೆ ಈ ಶಕ್ತಿ ಇದೆ. ನಾವು ಅದನ್ನು ಸ್ಪರ್ಧೆಗೆ, ಸನ್ಮಾನಕ್ಕೆ, ಶಾಲು ಹಾರಕ್ಕೆ ಸೀಮಿತ ಮಾಡಿದ್ದೇವೆ. ಕಲೋತ್ಸವದಲ್ಲಿ ಗ್ರೇಡ್ ಸಿಗದ ಮಗು ಹಾಡುವುದನ್ನೇ ಬಿಡುತ್ತದೆ. ನನಗೆ ಇದು ದೊಡ್ಡ ಅನ್ಯಾಯ ಎಂದು ಕಾಣುತ್ತದೆ. ನಮ್ಮ ಗ್ರಂಥಾಲಯದಲ್ಲಿ ಈಗ ಭಾನುವಾರ ಮಧ್ಯಾಹ್ನ ಸುಮ್ನೆ ಸೇರುತ್ತೇವೆ. ಬಹುಮಾನ ಇಲ್ಲ, ವೇದಿಕೆ ಇಲ್ಲ, ಮೈಕ್ ಇಲ್ಲ. ಬರೆಯುವವರು ಬರೆಯುತ್ತಾರೆ. ಓದಿ ಹೇಳಬೇಕೆಂದಿಲ್ಲ. ಒಬ್ಬ ಹುಡುಗ ಚೆಂಡೆ ಕಲಿಯಲು ಬರುತ್ತಾನೆ. ಗಲ್ಫಿನ ಕೆಲಸ ಕಳೆದುಕೊಂಡು ಬಂದವರೊಬ್ಬರು ಮೊದಲು ಮೂಲೆಯಲ್ಲಿ ಕೂತು ಪೇಪರ್ ಓದಿ ಹೋಗುತ್ತಿದ್ದರು. ಈಗ ಮಕ್ಕಳಿಗೆ ಮರಳುಗಾಡಿನ ಕತೆ ಹೇಳುತ್ತಾರೆ. ಬರುವವರಲ್ಲಿ ಬ್ಯಾರಿ ಮಾತಾಡುವವರಿದ್ದಾರೆ, ಮರಾಠಿ ಮನೆಯವರಿದ್ದಾರೆ, ಕೊಂಕಣಿಯವರಿದ್ದಾರೆ. ಯಾವ ಭಾಷೆಯಲ್ಲಿ ಹೇಳಿದರೂ ಅರ್ಥ ಮಾಡಿಕೊಳ್ಳುವವರು ಒಬ್ಬರಾದರೂ ಸಿಗುತ್ತಾರೆ. ಏಳು ಭಾಷೆಯ ನೆಲ ಎಂದು ಭಾಷಣದಲ್ಲಿ ಹೇಳುತ್ತೇವಲ್ಲ, ಅದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ.

ಹೆಂಗಸರಿಗೆ ಕುಟುಂಬಶ್ರೀ ಸ್ವಸಹಾಯ ಯೋಜನೆಯ ಅಯಲ್ಕೂಟ, ಅಂದರೆ ನೆರೆಕೂಟ, ಇದೆ. ವಾರಕ್ಕೊಮ್ಮೆ ಸೇರುತ್ತಾರೆ. ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಮನಸ್ಸಿನ ಮಾತಿಗೆ ಇಟ್ಟರೆ ಎಷ್ಟೋ ಆಗುತ್ತದೆ. ಗಂಡಸರಿಗೆ ಅಂಥದ್ದು ಏನಿದೆ? ನೂರಕ್ಕೆ 72 ಎಂದೆನಲ್ಲ, ಅದನ್ನು ಇಟ್ಟುಕೊಂಡು ಯೋಚಿಸಿ. ವಾಲಿಬಾಲ್ ಆಡುವ ಕ್ಲಬ್‌ಗಳು ಈ ಕೆಲಸ ಕೈಗೆತ್ತಿಕೊಳ್ಳಬೇಕು. ಎರಡು ವಾರದಿಂದ ಬರದವನ ಮನೆಗೆ ಇಬ್ಬರು ಹೋಗಿ ಬರಲಿ.

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಹಾಡು, ಕತೆ, ಭಜನೆ ವೈದ್ಯರ ಜಾಗ ತುಂಬುವುದಿಲ್ಲ. ಖಿನ್ನತೆ ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಮಾತ್ರೆ ತೆಗೆದುಕೊಳ್ಳುವವರಿಗೆ ‘ಅದೆಲ್ಲ ಬಿಡು, ಮನಸ್ಸು ಗಟ್ಟಿ ಮಾಡು’ ಎಂದು ಯಾರೂ ಹೇಳಬೇಡಿ. ನಮ್ಮ ಕೂಟದ ಕೆಲಸ ಅವರನ್ನು ವೈದ್ಯರವರೆಗೆ ಕರೆದುಕೊಂಡು ಹೋಗುವುದು, ಬಂದ ಮೇಲೆ ಜೊತೆಗಿರುವುದು.

ಕೇಳಲು ಹೆದರುವವರು ಬಹಳ. ‘ಸಾಯುವ ಯೋಚನೆ ಬರುತ್ತದಾ’ ಎಂದು ನೇರ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಎಂಬ ಹೆದರಿಕೆ. ಹಾಗಾಗುವುದಿಲ್ಲ. ಕೇಳಿದರೆ ಅವರಿಗೆ ಹಗುರಾಗುತ್ತದೆ ಎಂದೇ ಈ ಕೆಲಸದಲ್ಲಿ ಇರುವವರು ಹೇಳುತ್ತಾರೆ. ಹೌದು ಎಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ತೋಟಕ್ಕೆ ಹೊಡೆಯುವ ಕೀಟನಾಶಕ ಬೀಗ ಹಾಕಿದ ಕಡೆ ಇರಲಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಆ ಕೆಟ್ಟ ಗಳಿಗೆ ದಾಟಿದರೆ ಎಷ್ಟೋ ಜನ ಉಳಿದು ಬದುಕುತ್ತಾರೆ.

ಪೊಲೀಸ್ ಕೇಸಿಗೆ ಹೆದರಿ ಮನೆಯವರು ಪ್ರಯತ್ನವನ್ನು ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೇ ಸೆಕ್ಷನ್ ಓದಿ. ಹಾಗೆ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ. ಶಿಕ್ಷೆ ಇಲ್ಲ. ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ ಎಂದು ಅಲ್ಲೇ ಬರೆದಿದೆ. ಮುಚ್ಚಿಡುವುದು ಬೇಡ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಮ್ಮ ಪತ್ರಕರ್ತ ಗೆಳೆಯರಿಗೂ ಒಂದು ಮಾತು. ಆತ್ಮಹತ್ಯೆಯ ಸುದ್ದಿ ಬರೆಯುವುದಕ್ಕೆ 2019ರಲ್ಲಿ ಭಾರತೀಯ ಪತ್ರಿಕಾ ಮಂಡಳಿ ನಿಯಮ ಮಾಡಿದೆ. ಹೇಗೆ, ಎಲ್ಲಿ ಎಂಬ ವಿವರ ಬೇಡ. ಸಹಾಯವಾಣಿ ನಂಬರ್ ಹಾಕಿ. ಕಷ್ಟ ದಾಟಿ ಬಂದವರ ಕತೆಗೂ ಜಾಗ ಕೊಡಿ.

ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ತಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ 2030ರ ಹೊತ್ತಿಗೆ ಸಾವುಗಳನ್ನು ನೂರಕ್ಕೆ ಹತ್ತು ಇಳಿಸಬೇಕು ಎಂದಿದೆ. ಅಧಿಕಾರಿಗಳೇ, ಆ ಹತ್ತರಲ್ಲಿ ನಮ್ಮ ಜಿಲ್ಲೆಯ ಪಾಲು ಯಾವುದು, ಅದಕ್ಕೆ ಏನು ಮಾಡುತ್ತೀರಿ ಎಂದು ತಿಳಿಸಿ. ಸಭೆ ಕರೆದರೆ ಗ್ರಂಥಾಲಯದವರು, ಯಕ್ಷಗಾನ ಕಲಾವಿದರು, ಅಯಲ್ಕೂಟದವರು, ಎಂಡೋಸಲ್ಫಾನ್ ಸಂತ್ರಸ್ತರ ತಾಯಂದಿರು ಎಲ್ಲರೂ ಬರುತ್ತೇವೆ. ಅನುವಾದಕ್ಕೆ ಜನ ಬೇಕೆಂದರೆ ನಿವೃತ್ತ ಅಧ್ಯಾಪಕರು ಇದ್ದೇವೆ, ಸಂಬಳ ಬೇಡ. ಕನ್ನಡದಲ್ಲೇ ಉತ್ತರ ಬರಲಿ.

ಇದನ್ನು ಓದುತ್ತಿರುವ ನಿಮಗೇ ಬದುಕು ಭಾರವಾಗಿದ್ದರೆ, ಇವತ್ತೇ ಒಬ್ಬರಿಗೆ ಹೇಳಿ. ಮನೆಯವರಿಗೆ ಆಗದಿದ್ದರೆ ಗೆಳೆಯನಿಗೆ, ಗೆಳೆಯನಿಗೆ ಆಗದಿದ್ದರೆ 14416ಕ್ಕೆ. ಕೇರಳದ ದಿಶಾ ಸಹಾಯವಾಣಿ 1056 ಕೂಡ ಇದೆ. ಚಂದ ಮಾಡಿ ಹೇಳಬೇಕಾಗಿಲ್ಲ. ‘ನನಗೆ ಆಗುತ್ತಿಲ್ಲ’ ಎಂದರೆ ಸಾಕು, ಮುಂದಿನದ್ದು ಅವರು ಕೇಳುತ್ತಾರೆ. ಭಾನುವಾರ ಮಧ್ಯಾಹ್ನ ನಿಮ್ಮ ಊರಿನ ಗ್ರಂಥಾಲಯಕ್ಕೆ ಬನ್ನಿ. ಅಲ್ಲಿ ಇನ್ನೂ ಯಾರೂ ಸೇರುತ್ತಿಲ್ಲವೆಂದರೆ ನಾವು ಬಂದು ಶುರು ಮಾಡಿಕೊಡುತ್ತೇವೆ.

ಇಂತಿ,
ಕಾಸರಗೋಡು ತಾಲೂಕಿನ ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ